ಚೆಂಡು ಬಿಟ್ಟು ನೋಡ್ರಿ: ಮಿಡ್‌ಫೀಲ್ಡರನ ಆಟ ಸವಿಯುವವರಿಗೆ

ಕಲಘಟಗಿಯಲ್ಲಿ ಕೂತು ಫುಟ್‌ಬಾಲ್ ಬಗ್ಗೆ ಬರೆಯುತ್ತೇನೆ ಅಂದರೆ ಗೆಳೆಯರು ನಗುತ್ತಾರೆ. ನಮ್ಮದು ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಆಟವೆಂದರೆ ಕಬಡ್ಡಿ, ಕುಸ್ತಿ. ಸಂಜೆ ಹತ್ತು ಹುಡುಗರು ಕೂಡಿದರೆ ಟೆನಿಸ್ ಚೆಂಡಿನ ಕ್ರಿಕೆಟ್ಟು. ಆದರೆ ಒಂದು ತಾಸಿನ ಹಾದಿ ಆಚೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಇದೆ. ಅಲ್ಲಿ ಸಂಜೆಯ ಆಟ ಅಂದರೆ ಫುಟ್‌ಬಾಲ್. ಈ ಆಟ ನೋಡುವುದನ್ನು ನಾನು ಕಲಿತದ್ದು ಅಲ್ಲೇ, ಅದೂ ಬಹಳ ದಿನ ತಪ್ಪು ತಪ್ಪಾಗಿ ನೋಡಿದ ಮೇಲೆ.

ಚೆಂಡು ಎಡಕ್ಕೆ ಹೋದರೆ ನನ್ನ ಕಣ್ಣೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಗೋಲಾದರೆ ಚಪ್ಪಾಳೆ, ಇಲ್ಲದಿದ್ದರೆ ಶೇಂಗಾ. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಕ್ಯಾಂಪಿನ ಹಿರಿಯರೊಬ್ಬರು ನಮ್ಮ ಕಡೆಯ ಕನ್ನಡದಲ್ಲೇ ಹೇಳಿದರು: "ಚೆಂಡು ನೋಡಬ್ಯಾಡ್ರಿ ಸರ. ಆ ಎಂಟನೇ ನಂಬರಿನ ಹುಡುಗನ್ನ ಹತ್ತು ಮಿನಿಟು ನೋಡ್ರಿ, ಸಾಕು."

ನೋಡಿದೆ. ಮೊದಲ ಎರಡು ನಿಮಿಷ ಭಾಳ ಬೇಸರ. ಆ ಹುಡುಗ ಓಡುತ್ತಿರಲಿಲ್ಲ, ಅಡ್ಡಾಡುತ್ತಿದ್ದ. ಆಮೇಲೆ ಅವನ ಗೋಣು ಕಂಡಿತು. ಚೆಂಡು ಇನ್ನೂ ಬೇರೆ ಯಾರದೋ ಕಾಲಲ್ಲಿರುವಾಗಲೇ ಅವನು ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ಹಿಂದಕ್ಕೆ ನೋಡಿಬಿಡುತ್ತಿದ್ದ, ರಸ್ತೆ ದಾಟುವವರು ನೋಡುವ ಹಾಗೆ. ಚೆಂಡು ಬಂದಾಗ ಮೈಯನ್ನು ಪೂರ್ತಿ ಅದರೆದುರು ತಿರುಗಿಸದೆ ಓರೆಯಾಗಿ, ಅರ್ಧ ತೆರೆದ ಬಾಗಿಲಿನಂತೆ ನಿಲ್ಲುತ್ತಿದ್ದ. ಅಷ್ಟರಿಂದಲೇ ಅವನಿಗೆ ಒಂದು ಕ್ಷಣ ಉಳಿಯುತ್ತಿತ್ತು. ಮುಂದಿನ ಪಾಸು ಎಲ್ಲಿಗೆ ಎಂಬುದು ಚೆಂಡು ಬರುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಹೊಸಬರು ಇಲ್ಲಿಂದ ಶುರುಮಾಡಬೇಕು ಅನ್ನುವುದು ನನ್ನ ಸಲಹೆ. ಗೋಲು ಹೊಡೆಯುವವನನ್ನು ಬಿಡಿ, ಅವನು ತಾನಾಗಿ ಕಣ್ಣಿಗೆ ಬೀಳುತ್ತಾನೆ. ನಡುವಿನವನನ್ನು ಹುಡುಕಿ, ಅವನ ಗೋಣು ಎಣಿಸಿ. ಗೋಣು ಹೊರಳಿಸದೆ ಚೆಂಡು ತೆಗೆದುಕೊಂಡಾಗಲೆಲ್ಲ ಏನಾಗುತ್ತದೆ ಅಂತ ನೋಡಿ: ಒಂದೋ ಬಂದ ದಾರಿಯಲ್ಲೇ ವಾಪಸ್ ಪಾಸು, ಇಲ್ಲವೇ ಹಿಂದಿನಿಂದ ಬಂದವನು ಚೆಂಡು ಕಸಿದಿರುತ್ತಾನೆ. ಇದು ಗೊತ್ತಾದ ಮೇಲೆ ಪಾಸಿನ ತೂಕ ನೋಡುವುದು. ಜತೆಗಾರನ ಬಲಗಾಲಿಗೆ ಕೊಟ್ಟನೋ, ಎಡಗಾಲಿಗೋ, ಅವನು ಓಡಿ ತಲುಪುವ ಜಾಗಕ್ಕೋ? ಒಂದು ಗೇಣು ಹಿಂದೆ ಬಿದ್ದರೂ ಓಟಗಾರ ನಿಂತು ತಿರುಗಬೇಕು; ಅಷ್ಟರಲ್ಲಿ ಎದುರಾಳಿಯ ಬಾಗಿಲು ಮುಚ್ಚಿರುತ್ತದೆ.

ಇದಕ್ಕೆ ನನಗೆ ತೋಚುವ ಹೋಲಿಕೆ ನಮ್ಮ ಹೊಲದ್ದು. ಈಗ ಎಲ್ಲ ಟ್ರ್ಯಾಕ್ಟರ್ ಆಗಿದೆ, ಇರಲಿ. ಮಿರಗದ ಮಳೆಗೆ ಕೂರಿಗೆ ಹೂಡಿದಾಗ ಹೊಲದಲ್ಲಿ ಕಾಣುವುದು ಎತ್ತುಗಳು, ಕೇಳುವುದು ಎತ್ತು ಹೊಡೆಯುವವನ ಗದ್ದಲ. ಬಟ್ಟಲಿಗೆ ಕಾಳು ಬಿಡುತ್ತ ನಡೆಯುವ ಆಯಿಯನ್ನು ಯಾರೂ ನೋಡುವುದಿಲ್ಲ. ಉಡಿಯಲ್ಲಿ ಬೀಜ, ಮುಷ್ಟಿಯಲ್ಲಿ ಬೀಜ, ಹೆಬ್ಬೆರಳು ಸರಿಸಿ ಸರಿಸಿ ಎಲ್ಲ ಕೊಳವೆಗೂ ಸಮನಾಗಿ ಬೀಳುವ ಹಾಗೆ ಬಿಡುತ್ತಾಳೆ. ಎತ್ತು ಜೋರು ನಡೆದರೆ ಕೈಯೂ ಜೋರು, ನಿಂತರೆ ಕೈಯೂ ಬಂದ್. ಎಂಟು ದಿನ ಬಿಟ್ಟು ಸಾಲು ಮೂಡಿದಾಗ ಗೊತ್ತಾಗುತ್ತದೆ, ಆ ಕೈ ಎಂಥದು ಅಂತ.

ಇನ್ನು ಒಬ್ಬ ಆಟಗಾರನ ಇಡೀ ಬಾಳನ್ನು ಹೀಗೆ ನೋಡುವ ಅಭ್ಯಾಸ. ನಮ್ಮವನೇ ಇದ್ದಾನೆ: ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್. ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಎದುರಿಗೆ ಬಂದದ್ದು ಬಾಗ್ದಾದಿನ ಅಲ್ ಜವ್ರಾ, ಇರಾಕಿನ ದೊಡ್ಡ ಕ್ಲಬ್ಬುಗಳಲ್ಲೊಂದು. ಇರಾಕಿನ ಫುಟ್‌ಬಾಲ್ ಆಗ ನಮಗಿಂತ ಬಹಳ ಮೇಲೆ. 1986ರಲ್ಲೇ ವಿಶ್ವಕಪ್ ಆಡಿಬಂದ ದೇಶ. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಚಾಪ್ಮನ್ ಮೂರು ಗೋಲು ಹೊಡೆದ.

ಅವನ ಬಗ್ಗೆ ಯಾರು ಬರೆದರೂ ಈ ಹ್ಯಾಟ್ರಿಕ್ ಮೊದಲು ಬರುತ್ತದೆ. ನನ್ನ ತಕರಾರು ಅಲ್ಲೇ. ಮಿಡ್‌ಫೀಲ್ಡರನನ್ನು ಅವನು ಹೊಡೆದ ಗೋಲಿನಿಂದ ನೆನೆಯುವುದು, ಆಯಿಯನ್ನು ಒಂದು ದಿನ ಎತ್ತು ಹೊಡೆದದ್ದಕ್ಕೆ ನೆನೆದಂತೆ. ಚಾಪ್ಮನ್‌ನ ಆಟ ಗೊತ್ತಾಗಬೇಕಾದರೆ 1995ಕ್ಕೆ, ಪಂಜಾಬಿನ ಜೆಸಿಟಿಗೆ ಬನ್ನಿ. ಮುಂದೆ ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ. ನಡುವೆ ಬೆಂಗಳೂರಿನ ಚಾಪ್ಮನ್. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಜೆಸಿಟಿ ಗೆದ್ದಿತು. ಭುಟಿಯಾ 14 ಗೋಲು ಹೊಡೆದು ಎಲ್ಲರಿಗಿಂತ ಮೇಲೆ ನಿಂತ. ಆ ಅಂಕಿ ದಾಖಲೆಯಲ್ಲಿದೆ. ಆ ಗೋಲುಗಳಿಗೆ ದಾರಿಯಾದ ಪಾಸುಗಳನ್ನು ಎಣಿಸುವ ರೂಢಿ ಆಗ ನಮ್ಮಲ್ಲಿರಲಿಲ್ಲ. ರಸಿಕನಾದವನು ಇಂಥ ಕಡೆ ಅಂಕಿಯ ಹಿಂದಕ್ಕೆ ಹೋಗಬೇಕಾಗುತ್ತದೆ.

1997ರಲ್ಲಿ ಕಠ್ಮಂಡುವಿನ ಸ್ಯಾಫ್ ಕಪ್ ಭಾರತಕ್ಕೆ ಬಂದಾಗ ನಾಯಕ ಅವನೇ. ನಡುವೆ ಒಂದು ವರ್ಷ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಅವನ ನಾಯಕತ್ವದಲ್ಲೇ ಆ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ವರ್ಷ ವೃತ್ತಿಪರ ಆಟಕ್ಕೆ ವಿದಾಯ ಹೇಳಿದ, ಆಗ ಮೂವತ್ತು ವಯಸ್ಸು.

ಆಮೇಲೆ ಕೋಚ್. ಕೋಚಿನ ಕೆಲಸ ಸವಿಯುವುದು ಇನ್ನೂ ಕಷ್ಟ, ಏಕೆಂದರೆ ನೋಡಲು ಏನೂ ಇರುವುದಿಲ್ಲ. ಗೆರೆಯಂಚಿನಲ್ಲಿ ಕೈ ಬೀಸಿ ಕೂಗುವವನನ್ನು ಟಿವಿ ತೋರಿಸುತ್ತದೆ; ಅದು ಬರೀ ತೋರಿಕೆ. ಅವನ ಕೆಲಸ ವಾರದ ಉಳಿದ ದಿನಗಳಲ್ಲಿ ಮುಗಿದಿರುತ್ತದೆ. ಮೈದಾನದಲ್ಲಿ ಕುರುಹು ಸಿಗುವುದು ಎರಡು ಕಡೆ. ಒಂದು, ವಿರಾಮದ ನಂತರದ ಮೊದಲ ಹತ್ತು ನಿಮಿಷ: ಮೊದಲರ್ಧದಲ್ಲಿ ಸೋರುತ್ತಿದ್ದ ಜಾಗ ಈಗಲೂ ಸೋರುತ್ತಿದೆಯೇ? ಇನ್ನೊಂದು, ಚೆಂಡು ಕಳೆದುಕೊಂಡ ಕೂಡಲೇ ಹನ್ನೊಂದು ಜನ ಎಲ್ಲಿಗೆ ಓಡುತ್ತಾರೆ. ಒಬ್ಬೊಬ್ಬರು ಒಂದೊಂದು ಕಡೆ ಓಡಿದರೆ ಆ ವಾರ ಕೋಚ್ ಏನೂ ಕಲಿಸಿಲ್ಲ ಅಂತಲೇ ತಿಳಿಯಿರಿ.

ಮಿಡ್‌ಫೀಲ್ಡರ್ ಆಗಿದ್ದವನು ಒಳ್ಳೆಯ ಕೋಚ್ ಆಗುತ್ತಾನೆ ಅನ್ನುತ್ತಾರೆ, ಗಾರ್ಡಿಯೊಲ, ಆ್ಯಂಚೆಲೊಟ್ಟಿ ಹೆಸರು ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಎಲ್ಲ ಕಂಡವನಿಗೆ, ಕಾಣದ ಹುಡುಗರ ಮೇಲೆ ಸಿಟ್ಟು ಬೇಗ ಬರುತ್ತದೆ. ಅದಕ್ಕೇ ಚಾಪ್ಮನ್ ಹಿಡಿದ ದಾರಿ ನನಗೆ ಹಿಡಿಸುತ್ತದೆ: ತಾನು ಕಲಿತ ಟಾಟಾ ಅಕಾಡೆಮಿಗೇ ಮರಳಿ ಹುಡುಗರಿಗೆ ಕಲಿಸಿದ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡ ನೋಡಿಕೊಂಡ, ಕೊನೆಗೆ ಕೋಯಿಕ್ಕೋಡಿನ ಅಕಾಡೆಮಿಯೊಂದರ ತಾಂತ್ರಿಕ ನಿರ್ದೇಶಕನಾದ. ಟಿವಿ ಕ್ಯಾಮೆರಾ ಹೆಚ್ಚು ಹೋಗದ ಕಡೆಯ ಕೆಲಸಗಳು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. 49 ವರ್ಷ. ಅವನು ಬಿತ್ತಿದ ಸಾಲು ಎಲ್ಲೆಲ್ಲಿ ಮೂಡಿದೆಯೋ, ಯಾರೂ ಲೆಕ್ಕ ಇಟ್ಟಿಲ್ಲ.

ಅಭ್ಯಾಸಕ್ಕೆ ಒಂದು ಪಂದ್ಯ ಬೇಕೆಂದರೆ ಮತ್ತೆ ಇರಾಕಿನವರದ್ದೇ ಹೇಳುತ್ತೇನೆ. 2016ರ ನವೆಂಬರ್ 5, ದೋಹಾ, ಎಎಫ್‌ಸಿ ಕಪ್ ಫೈನಲ್. ಒಂದು ಕಡೆ ಆಲ್ಬರ್ಟ್ ರೋಕಾ ಕೋಚಾಗಿದ್ದ ಬೆಂಗಳೂರು ಎಫ್‌ಸಿ, ಆ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್. ಇನ್ನೊಂದು ಕಡೆ 1931ರಲ್ಲಿ ಹುಟ್ಟಿದ ಇರಾಕಿ ವಾಯುಪಡೆಯ ಕ್ಲಬ್. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿಗೆ ನಾವು ಸೋತೆವು. ಅವತ್ತು ಬಸ್‌ಸ್ಟ್ಯಾಂಡ್ ಬಳಿಯ ಚಹಾದಂಗಡಿಯಲ್ಲಿ ಮೊಬೈಲ್ ಹಿಡಿದು ನೋಡುತ್ತಿದ್ದಾಗ ಅಂಗಡಿಯವರು ಕೇಳಿದರು, "ಯಾರದ್ರಿ ಮ್ಯಾಚು?" ಬೆಂಗಳೂರು ಅಂದೆ. "ಕಬಡ್ಡಿ ಏನ್ರಿ?" ಅಂದರು.

ಮುಖ್ಯಾಂಶ ಸಿಕ್ಕರೆ ಗೋಲು ನೋಡಿದ ಮೇಲೆ ಹದಿನೈದು ಸೆಕೆಂಡು ಹಿಂದಕ್ಕೆ ತಿರುಗಿಸಿ. ಹಮ್ಮಾದಿಯನ್ನು ಮುಚ್ಚಿಬಿಡಿ, ಬೇಕಾದರೆ ಪರದೆಯ ಮೇಲೆ ಹೆಬ್ಬೆರಳಿಟ್ಟೇ ಮುಚ್ಚಿ. ನಮ್ಮ ನಡುವಿನವರು ಎಲ್ಲಿದ್ದರು, ಯಾರ ಗೋಣು ಯಾವ ಕಡೆಗಿತ್ತು ನೋಡಿ. ಮೂರನೇ ಸಲಕ್ಕೆ ಕಾಣಿಸುತ್ತದೆ.

ಆದರೆ ಟಿವಿಯ ಕ್ಯಾಮೆರಾ ಚೆಂಡಿನ ಗುಲಾಮ, ಅದು ತೋರಿಸಿದ್ದನ್ನಷ್ಟೇ ನೋಡಬೇಕು. ಆದ್ದರಿಂದ ಮುಂಡಗೋಡಕ್ಕೇ ಹೋಗಿ. ಪಕ್ಕದಲ್ಲಿ ನಿಲ್ಲಬೇಡಿ, ಗೋಲು ಕಂಬದ ಹಿಂದೆ ನಿಲ್ಲಿ. ಅಲ್ಲಿಂದ ಸಾಲುಗಳ ನಡುವಿನ ಅಂತರ ಹೊಲದ ಬದುವಿನ ಮೇಲಿಂದ ಕಂಡಷ್ಟು ಸ್ಪಷ್ಟ. ಮಳೆಗಾಲದಲ್ಲಾದರೆ ಇನ್ನೂ ಚೊಲೊ. ನೀರು ನಿಂತ ಕಡೆ ಉರುಳಿಸಿದ ಚೆಂಡು ಗಕ್ಕನೆ ನಿಲ್ಲುತ್ತದೆ; ಅದು ಮೊದಲೇ ಗೊತ್ತಿದ್ದ ಹುಡುಗ ಪಾಸನ್ನು ಗಾಳಿಯಲ್ಲಿ ಎತ್ತಿ ಕೊಡುತ್ತಾನೆ. ಅವನ ಅಂಗಿಯ ನಂಬರ್ ಬರೆದುಕೊಳ್ಳಿ. ಕೊಡೆ ಒಯ್ಯುವುದು ಮರೆಯಬೇಡಿ, ಮತ್ತು ಹಿಂದಿನವರಿಗೆ ಅಡ್ಡವಾಗದಂತೆ ಹಿಡಿಯಿರಿ.