ಗರ್ಭಸ್ಥ ಶಿಶುವಿನ ಮೆದುಳು ಮತ್ತು ಫ್ಲೇವನಾಯ್ಡುಗಳು: ಸಾಕ್ಷ್ಯದ ಒಂದು ವಿಮರ್ಶೆ

ಈಚಿನ ವರ್ಷಗಳಲ್ಲಿ ಜೀವವಿಜ್ಞಾನದ ಪತ್ರಿಕೆಗಳಲ್ಲಿ ಒಂದು ವಾದವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಗರ್ಭಿಣಿಗೆ ತಗಲಿದ ಸೋಂಕಿನಿಂದ ಉಂಟಾಗುವ ಉರಿಯೂತವು ಶಿಶುವಿನ ಮೆದುಳನ್ನು ಕೆಡಿಸದಂತೆ ಸಸ್ಯಗಳಲ್ಲಿರುವ ಫ್ಲೇವನಾಯ್ಡುಗಳು ಕಾಪಾಡಬಲ್ಲವು ಎಂಬುದೇ ಆ ವಾದ. ಇತಿಹಾಸದ ಅಧ್ಯಾಪಕರಾದ ನಮಗೆ ಪ್ರಯೋಗಶಾಲೆಯ ಅನುಭವವಿಲ್ಲ. ಆದರೆ ಒಂದು ಸಾಕ್ಷ್ಯವು ಎಷ್ಟು ಭಾರವನ್ನು ಹೊರಬಲ್ಲದೆಂದು ತೂಗಿ ನೋಡುವುದು ನಮ್ಮ ಕಸುಬೂ ಹೌದು.

ವಾದದ ಪೂರ್ವಾರ್ಧವು ಭದ್ರವಾಗಿದೆ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲನು 1862ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಮಕ್ಕಳ ಕೈಕಾಲುಗಳು ಸೆಟೆದುಕೊಳ್ಳುವುದಕ್ಕೆ ಕಷ್ಟಪ್ರಸವವೂ ಉಸಿರುಕಟ್ಟುವಿಕೆಯೂ ಕಾರಣವೆಂದನು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡನು ಈ ಕಾರ್ಯಕಾರಣಗಳನ್ನು ತಿರುಗಿಸಿ ನೋಡಿ, ಕಷ್ಟಪ್ರಸವವೇ ಗರ್ಭದಲ್ಲಿ ಮೊದಲೇ ಆಗಿದ್ದ ಕೇಡಿನ ಲಕ್ಷಣವಾಗಿರಬಹುದೆಂದು ಸೂಚಿಸಿದನು. (ಮನೋವಿಶ್ಲೇಷಣೆಯ ಕರ್ತೃವೆಂದಷ್ಟೇ ಅವನನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಅವನು ನರರೋಗಗಳ ವೈದ್ಯನಾಗಿದ್ದುದನ್ನು ಗಮನಿಸಬೇಕು.) ಆದರೂ ಬಹುಕಾಲ ಲಿಟಲನ ಮಾತೇ ನಡೆಯಿತು. 1976ರಲ್ಲಿ ಗಿಲ್ಸ್, ಲೆವಿಟನ್ ಮತ್ತು ಕೆರ್ ಎಂಬವರು ಬ್ಯಾಕ್ಟೀರಿಯಾದ ವಿಷವನ್ನು ಚುಚ್ಚಿದ ಬೆಕ್ಕಿನ ಮರಿಗಳಲ್ಲಿ ಮೆದುಳಿನ ಶ್ವೇತದ್ರವ್ಯವು ಹಾಳಾಗುವುದನ್ನು ಕಂಡರು. 1997ರಲ್ಲಿ ಗ್ರೆದರ್ ಮತ್ತು ನೆಲ್ಸನ್ ಎಂಬ ವಿದುಷಿಯರು ತಾಯಿಯ ಸೋಂಕಿಗೂ, ಸಾಮಾನ್ಯ ತೂಕವಿದ್ದು ಹುಟ್ಟಿದ ಮಕ್ಕಳ ಸೆರಿಬ್ರಲ್ ಪಾಲ್ಸಿಗೂ ಸಂಬಂಧವಿದೆಯೆಂದು ತೋರಿಸಿದರು.

ಉತ್ತರಾರ್ಧದ ಸ್ಥಿತಿ ಬೇರೆ. ಫ್ಲೇವನಾಯ್ಡುಗಳಿಗೆ ಒಂದು ಪೂರ್ವಚರಿತ್ರೆಯಿದೆ; ಈಗಿನ ಪ್ರಬಂಧಗಳ ಪೀಠಿಕೆಗಳು ಅದನ್ನು ಹೇಳುವುದು ಅಪರೂಪ. 1936ರಲ್ಲಿ ಹಂಗೆರಿಯ ರುಸ್ನ್ಯಾಕ್ ಮತ್ತು ಸೆಂಟ್-ಗ್ಯೋರ್ಗಿ ಇವುಗಳನ್ನು 'ವಿಟಮಿನ್ ಪಿ' ಎಂದು ಕರೆದು, ಸೂಕ್ಷ್ಮ ರಕ್ತನಾಳಗಳನ್ನು ಬಲಪಡಿಸುವ ಗುಣವನ್ನು ಅವುಗಳಿಗೆ ಆರೋಪಿಸಿದರು. ಮರುಪರೀಕ್ಷೆಗಳಲ್ಲಿ ಆ ಹೆಸರು ನಿಲ್ಲಲಿಲ್ಲ. 1950ರಲ್ಲಿ ಅಮೆರಿಕದ ವಿದ್ವತ್ಸಂಸ್ಥೆಗಳು ಅದನ್ನು ಕೈಬಿಡಬೇಕೆಂದು ಸಲಹೆಮಾಡಿದವು.

ಇಂದಿನ ಸಾಕ್ಷ್ಯದ ಬಹುಭಾಗವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಂದಲೂ ಇಲಿಗಳಿಂದಲೂ ಬಂದುದು. ತಟ್ಟೆಯಲ್ಲಿ ಕ್ವೆರ್ಸೆಟಿನ್ನನ್ನು ಶುದ್ಧರೂಪದಲ್ಲಿ ಸುರಿಯುತ್ತಾರೆ. ಈರುಳ್ಳಿಯ ಮೂಲಕ ನಾವು ತಿಂದ ಕ್ವೆರ್ಸೆಟಿನ್ನಾದರೋ ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಮಾರ್ಪಟ್ಟು, ಬಹುಪಾಲು ಬೇರೆ ರೂಪದಲ್ಲಿಯೇ ರಕ್ತವನ್ನು ಸೇರುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚುವುದು ಸರಿಯಲ್ಲ.

ಮುಖ್ಯವಾದ ಆಕ್ಷೇಪವು ಕಾಲಕ್ಕೆ ಸಂಬಂಧಿಸಿದುದು. ಮೆಗ್ನೀಸಿಯಂ ಸಲ್ಫೇಟಿನ ವಿಷಯವನ್ನು ಹೋಲಿಕೆಗೆ ನೋಡಬಹುದು. ಅವಧಿಗೆ ಮುಂಚೆ ಹೆರಿಗೆ ಸನ್ನಿಹಿತವಾಗಿದ್ದ 2,241 ಸ್ತ್ರೀಯರಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಧ್ಯಮ ಅಥವಾ ತೀವ್ರ ಸೆರಿಬ್ರಲ್ ಪಾಲ್ಸಿಯು ಶೇಕಡ 3.5ರಿಂದ 1.9ಕ್ಕೆ ಇಳಿಯಿತು, ಆದರೆ ಮರಣವನ್ನೂ ಕೂಡಿಸಿದ ಮುಖ್ಯ ಎಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಔಷಧವನ್ನು ಕೊಟ್ಟದ್ದು ಅಪಾಯವು ಕಣ್ಣಿಗೆ ಬಿದ್ದ ಮೇಲೆ. ಇಲಿಗಳ ಪ್ರಯೋಗಗಳಲ್ಲಿ ಅನೇಕ ವೇಳೆ ವಿಷಕ್ಕಿಂತ ಮೊದಲೇ ರಕ್ಷಕವನ್ನು ಕೊಟ್ಟಿರುತ್ತಾರೆ. ಗರ್ಭಕೋಶದ ಸೋಂಕಾದರೋ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಬರುತ್ತದೆ. ಹಾಗಾದರೆ ಗರ್ಭಿಣಿಯು ಈ ಪದಾರ್ಥಗಳನ್ನು ತಿಂಗಳುಗಟ್ಟಲೆ ಸೇವಿಸುತ್ತಿರಬೇಕೆಂದಾಯಿತು.

ಹಾಗೆ ಸೇವಿಸಿದರೆ ಏನಾದೀತು? ಗರ್ಭಸ್ಥ ಶಿಶುವಿನ ರಕ್ತವು ಶ್ವಾಸಕೋಶವನ್ನು ಬಳಸಿ ಸಾಗುವುದು ಡಕ್ಟಸ್ ಆರ್ಟೀರಿಯೋಸಸ್ ಎಂಬ ನಾಳದ ಮೂಲಕ. ಅದು ಹೆರಿಗೆಯವರೆಗೆ ತೆರೆದಿರುವುದಕ್ಕೆ ಪ್ರೋಸ್ಟಗ್ಲಾಂಡಿನ್ ಬೇಕು. ಉರಿಯೂತವನ್ನು ತಗ್ಗಿಸುವ ಪದಾರ್ಥಗಳಲ್ಲಿ ಹಲವು ಪ್ರೋಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನೂ ತಗ್ಗಿಸುತ್ತವೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕೆಲವು ನೋವುಶಾಮಕಗಳನ್ನು ವೈದ್ಯರು ನಿಷೇಧಿಸುವುದು ಇದೇ ಕಾರಣಕ್ಕೆ. ಬ್ರೆಜಿಲಿನ ಜೀಲಿನ್ಸ್ಕಿ ಮತ್ತು ಸಹೋದ್ಯೋಗಿಗಳು 2010ರಲ್ಲಿ, ಫ್ಲೇವನಾಯ್ಡುಗಳನ್ನೊಳಗೊಂಡ ಪಾಲಿಫಿನಾಲ್ ವರ್ಗದ ಪದಾರ್ಥಗಳು ಹೆಚ್ಚಿರುವ ಆಹಾರವನ್ನು ಗರ್ಭದ ಕೊನೆಯ ಭಾಗದಲ್ಲಿ ತಾಯಂದಿರು ಸೇವಿಸಿದಾಗ ಈ ನಾಳದಲ್ಲಿ ರಕ್ತದ ವೇಗವು ಹೆಚ್ಚಿರುವುದನ್ನು ವರದಿಮಾಡಿದರು. ನಾಳವು ಕುಗ್ಗಿದ್ದ ಶಿಶುಗಳ ತಾಯಂದಿರು ಅಂಥ ಆಹಾರವನ್ನು ಕಡಿಮೆಮಾಡಿದಾಗ ಆ ಕುಗ್ಗುವಿಕೆ ಸರಿಹೋದುದನ್ನು 2012ರಲ್ಲಿ ತಿಳಿಸಿದರು. ಇವು ಸಣ್ಣ ಅಧ್ಯಯನಗಳು, ಇವನ್ನೂ ತೂಗಿಯೇ ನೋಡಬೇಕು. ಆದರೂ ಮೆದುಳಿನ ಬಳಿ ಯಾವ ಗುಣವನ್ನು ರಕ್ಷಕವೆಂದು ಕೊಂಡಾಡುತ್ತೇವೆಯೋ ಅದೇ ಗುಣ ಹೃದಯದ ಬಳಿ ಕೇಡುಮಾಡಬಹುದೆಂಬ ಈ ಶಂಕೆಯು ಮೆದುಳಿನ ಪ್ರಬಂಧಗಳಲ್ಲಿ ಪ್ರಸ್ತಾಪಕ್ಕೆ ಬರುವುದು ವಿರಳ. ಗರ್ಭಿಣಿ ಇಲಿಗಳಿಗೆ ಫ್ಲೇವನಾಯ್ಡನ್ನು ಕೊಟ್ಟು ಮರಿಗಳ ಮೆದುಳನ್ನು ಪರೀಕ್ಷಿಸುವ ಸಂಶೋಧಕರು ಅದೇ ಮರಿಗಳ ಡಕ್ಟಸನ್ನೂ ಅಳೆದು, ಎರಡು ಫಲಿತಾಂಶಗಳನ್ನೂ ಒಂದೇ ಪ್ರಬಂಧದಲ್ಲಿ ಕೊಡಬೇಕೆಂಬುದು ನಮ್ಮ ಬೇಡಿಕೆ.