ಪೆಟ್ಟು ತಿಂದ ಕೊಳವೆಯನ್ನು ನೋಡುವ ಬಗೆ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೆಗೆದ ಇಂಗಾಲದ ನ್ಯಾನೊ ಕೊಳವೆಯ ಚಿತ್ರವನ್ನು ಮೊದಲ ಸಲ ನೋಡುವವರಿಗೆ ಕಾಣುವುದು ಬೂದು ಬಣ್ಣದ ಮೇಲೆ ಒಂದಷ್ಟು ಕಪ್ಪು ಗೆರೆಗಳು, ಅಷ್ಟೆ. ಅವಸರ ಬೇಡ.

ಮೊದಲು ಗೆರೆ ಎಣಿಸಿ. ಟೊಳ್ಳಿನ ಎರಡೂ ಬದಿಗೆ ಐದೈದು ಗೆರೆಗಳಿದ್ದರೆ ಒಂದರೊಳಗೊಂದು ಐದು ಕೊಳವೆಗಳಿವೆ ಎಂದರ್ಥ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಣಿಸಿದ್ದೂ ಹೀಗೆಯೇ. ಗೆರೆಯಿಂದ ಗೆರೆಗೆ ಸುಮಾರು 0.34 ನ್ಯಾನೊಮೀಟರ್. ಈ ಸಮ ಅಂತರವೇ ನಿಮ್ಮ ಶ್ರುತಿ. ಅದು ಕಣ್ಣಿಗೆ ಕೂತರೆ ಅಪಸ್ವರ ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಚಿತ್ರದ ಅಡಿಬರಹದಲ್ಲಿ ವೋಲ್ಟೇಜ್ ಹುಡುಕಿ. ಸೂಕ್ಷ್ಮದರ್ಶಕದ ಎಲೆಕ್ಟ್ರಾನಿಗೆ ಸುಮಾರು 86 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಶಕ್ತಿಯಿದ್ದರೆ ಅದು ಗೋಡೆಯ ಪರಮಾಣುವನ್ನೇ ಕಿತ್ತೆಸೆಯಬಲ್ಲದು. 80 ಕಿಲೊವೋಲ್ಟ್‌ನಲ್ಲಿ ತೆಗೆದ ಚಿತ್ರದಲ್ಲಿ ಕೊಳವೆ ಬಹುಮಟ್ಟಿಗೆ ಕ್ಷೇಮ. 200ರಲ್ಲಿ ನೋಡುವುದೆಂದರೆ ಹೊಡೆಯುವುದೂ ಹೌದು.

ಈಗ ಗಾಯದ ಹತ್ತಿರ ಬನ್ನಿ. ಅಕ್ಕಪಕ್ಕದ ಎರಡು ಪರಮಾಣು ಹೋದ ಕಡೆ ತೂತು ಬಾಯಿ ತೆರೆದುಕೊಂಡೇ ಇರುವುದಿಲ್ಲ. ಅಂಚಿನವು ಕೈ ಹಿಡಿದುಕೊಳ್ಳುತ್ತವೆ. ಷಡ್ಭುಜಗಳ ಹೆಣಿಗೆಯಲ್ಲಿ ಒಂದು ಅಷ್ಟಭುಜ, ಅದರ ಇಕ್ಕೆಲದಲ್ಲಿ ಎರಡು ಪಂಚಭುಜ ಮೂಡುತ್ತವೆ. ಪೆಟ್ಟು ಮುಂದುವರಿದರೆ ಗೋಡೆ ಒಳಕ್ಕೆ ಸೆಳೆದುಕೊಂಡು ಕೊಳವೆ ಸಣಕಲಾಗುತ್ತದೆ. ಬಿಸಿಯಲ್ಲಿ ಹೊಡೆದರೆ ಬೇರೆಯೇ ಆಟ: 800 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನೆರೆಯ ಎರಡು ಕೊಳವೆಗಳು ಬೆಸೆದು ಒಂದಾದದ್ದನ್ನೂ ಕಂಡಿದ್ದಾರೆ.

ಗಾಯ ಕಣ್ಣಿಗೆ ಸಣ್ಣದು, ವಿದ್ಯುತ್ತಿಗಲ್ಲ. 2005ರಲ್ಲಿ ಮ್ಯಾಡ್ರಿಡ್‌ನ ಸಂಶೋಧಕರು ಒಂಟಿಗೋಡೆಯ ಕೊಳವೆಗೆ ಆರ್ಗಾನ್ ಅಯಾನು ಹಾಯಿಸಿದರು. ಇಂಥ ಜೋಡಿ ಖಾಲಿಜಾಗಗಳು ಶೇಕಡಾ 0.03ರಷ್ಟಾದರೆ ಸಾಕು, 400 ನ್ಯಾನೊಮೀಟರ್ ತುಂಡಿನ ರೋಧ ಸಾವಿರ ಪಟ್ಟು ಏರುತ್ತದೆಂದು ತಿಳಿಯಿತು. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನ್ ಅಡ್ಡಿಯನ್ನು ಬಳಸಿಕೊಂಡು ಹೋದೀತು. ಈ ಎಳೆಯಲ್ಲಿ ಪಕ್ಕದ ದಾರಿಯೇ ಇಲ್ಲ. ಅಲೆಯಾಗಿ ಹೊರಟದ್ದು ಗಾಯದಿಂದ ಗಾಯಕ್ಕೆ ಬಡಿದು ಮರಳಿ, ತನ್ನ ಮಾರ್ದನಿಯೊಂದಿಗೇ ತಾಕಲಾಡಿ ನಡುವೆ ಸಿಕ್ಕಿಬೀಳುತ್ತದೆ. ಹಾಗಾಗಿ ಉದ್ದ ಇಮ್ಮಡಿಯಾದರೆ ರೋಧ ಬರೀ ಇಮ್ಮಡಿಯಾಗದೆ ಗುಣಿಸುತ್ತಾ ಬೆಳೆಯುತ್ತದೆ.

ಹಾಗೆಂದು ‘ಹಾಳಾಯಿತು’ ಎಂದು ಪುಟ ಮಗುಚಬೇಡಿ. ಕೊಳವೆಗಳ ಕಂತೆಯಲ್ಲಿ ಒಂದರ ಮೇಲೊಂದು ಜಾರುವುದೇ ದೌರ್ಬಲ್ಯ. 2004ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ ಎಲೆಕ್ಟ್ರಾನುಗಳ ಹದವಾದ ಏಟು ಅವುಗಳ ನಡುವೆ ಸೇತುವೆ ಕಟ್ಟಿತು. ಕಂತೆ ಬಾಗದೆ ನಿಲ್ಲುವ ಬಿಗಿ ಸುಮಾರು 30 ಪಟ್ಟು ಹೆಚ್ಚಿತು. ತಂತಿಯಾಗಬೇಕಿದ್ದ ಕೊಳವೆಗೆ ಬಿದ್ದರೆ ಗಾಯ, ಹಗ್ಗವಾಗಬೇಕಿದ್ದಕ್ಕೆ ಬಿದ್ದರೆ ಹೊಲಿಗೆ. ಚಿತ್ರದಲ್ಲಿ ಮುಕ್ಕಾದ ಗೆರೆ ಕಂಡಾಗ ಮೊದಲು ಕೇಳಬೇಕಾದದ್ದು, ಈ ಕೊಳವೆ ಏನಾಗಬೇಕಿತ್ತು ಎಂದು.