ತಡೆದು ಬರುವ ಹಸಿವು

ಕುಕ್ಕರಹಳ್ಳಿ ಕೆರೆಯ ಸುತ್ತ ಬಿರುಸಾಗಿ ನಡೆದು ಬಂದು ಕಲ್ಲುಬೆಂಚಿನ ಮೇಲೆ ಕೂತಾಗ ಹಸಿವಿರುವುದಿಲ್ಲ. ಅಷ್ಟು ದಣಿದ ಮೈಗೆ ಕೂಡಲೇ ಹಸಿಯಬೇಕಿತ್ತಲ್ಲ! ಬೆವರು ಆರುತ್ತಿರುತ್ತದೆ, ದಡದ ಮರದಲ್ಲಿ ಹೆಜ್ಜಾರ್ಲೆಯೊಂದು ರೆಕ್ಕೆ ಬಿಚ್ಚಿ ಮಡಿಸುತ್ತಿರುತ್ತದೆ, ಹೊಟ್ಟೆ ಮಾತ್ರ ಸುಮ್ಮನಿರುತ್ತದೆ. ಆ ಮೌನವೇ ನನ್ನ ದಿನದ ಮೊದಲ ಸುಖ.

ಹಸಿವನ್ನು ಎಬ್ಬಿಸುವ ಘ್ರೆಲಿನ್ ಎಂಬ ಹಾರ್ಮೋನು ಜಠರದಲ್ಲಿ ಹುಟ್ಟುತ್ತದೆ. ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ 1999ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಊಟದ ಹೊತ್ತು ಹತ್ತಿರವಾದಂತೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಮೈ ದಣಿಸುವ ಬಿರುಸಿನ ವ್ಯಾಯಾಮ ಅದನ್ನು ಸ್ವಲ್ಪ ಹೊತ್ತು ತಗ್ಗಿಸಬಲ್ಲದು. ಅದೇ ಹೊತ್ತಿಗೆ ಕರುಳಿನ ಕಡೆಯಿಂದ ಜಿಎಲ್‌ಪಿ-1, ಪಿವೈವೈ ಎಂಬ ‘ಸಾಕು’ ಹೇಳುವ ಹಾರ್ಮೋನುಗಳು ಏಳುತ್ತವೆ. ನನ್ನಂಥ ಮಧುಮೇಹಿಗೆ ಇದು ಸಣ್ಣ ಉಡುಗೊರೆಯಲ್ಲ. ತೃಪ್ತಿ ಕೊಡುವ ಅಮೈಲಿನ್ ಹುಟ್ಟುವುದು ಇನ್ಸುಲಿನ್ ಸ್ರವಿಸುವ ಜೀವಕೋಶಗಳಲ್ಲೇ. ಅವು ಸೊರಗಿದ ಮೇಲೆ ಎರಡಕ್ಕೂ ಬರ. ಉಂಡೆದ್ದರೂ ‘ಸಾಕು’ ಎನ್ನಿಸದ ಎಷ್ಟೋ ಸಂಜೆಗಳನ್ನು ಕಂಡವನಿಗೆ ಈ ಬೆಂಚಿನ ಅರ್ಧ ಗಂಟೆಯ ಬೆಲೆ ಗೊತ್ತು.

ಇನ್ನೊಂದು ಹಸಿವೂ ನನಗೆ ಗೊತ್ತು. ಹಗಲು ಹೆಚ್ಚು ನಡೆದ ದಿನ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆಯನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ಅದರ ಮೇಲೆ ರಾತ್ರಿಯ ಇನ್ಸುಲಿನ್. ನಡುರಾತ್ರಿ ಬನಿಯನ್ನು ತೊಯ್ದು ಎಚ್ಚರವಾಗುತ್ತದೆ, ಎದೆ ಡವಗುಟ್ಟುತ್ತದೆ, ಬೆರಳು ನಡುಗುತ್ತದೆ. 70ರ ಕೆಳಗಿಳಿಯಬಾರದ ಸಕ್ಕರೆ ಮೀಟರಿನಲ್ಲಿ 58. ಗ್ಲೂಕೋಸ್ ಸಾಲದ ಮಿದುಳಿನ ಕೂಗು ಇದು, ಅಡ್ರಿನಾಲಿನ್ ಹೊಡೆಯುವ ಗಂಟೆ. ಆ ಹಸಿವಿಗೆ ನಾಲಿಗೆಯೇ ಇಲ್ಲ. ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದರೂ ಅದು ಸಿಹಿ ಎಂಬುದು ಮನಸ್ಸಿಗೆ ತಾಕುವುದಿಲ್ಲ. 15 ಗ್ರಾಂ ತೆಗೆದುಕೊಂಡು 15 ನಿಮಿಷ ಕಾಯಿರಿ ಎನ್ನುತ್ತಾರೆ ಡಾಕ್ಟರು. ಡಬ್ಬಿಗಳನ್ನೆಲ್ಲ ಬರಿದು ಮಾಡು ಎಂದು ಮೈ ಅರಚುತ್ತಿರುವಾಗ ಅಡುಗೆಮನೆಯ ದೀಪದಡಿ ಕೂತು ಕಾಯುವ ಆ ಕಾಲು ಗಂಟೆ ಬಹಳ ಉದ್ದ.

ಅಂಥ ರಾತ್ರಿಗಳನ್ನು ಕಂಡಿದ್ದರಿಂದಲೇ ಬೆಳಗಿನ ಹಸಿವು ನನಗೆ ಇಷ್ಟು ಪ್ರಿಯ. ಅದು ನುಗ್ಗುವುದಿಲ್ಲ. ಮೀಟರಿನಲ್ಲಿ 110 ನೋಡಿಕೊಂಡು, ಕೆರೆಯ ಗೇಟು ದಾಟಿ ಮನೆ ಹಾದಿ ಹಿಡಿದಾಗ ಎಲ್ಲೋ ದೂರದಲ್ಲಿ ಹೊರಡುತ್ತದೆ. ಯಾರದೋ ಮನೆಯ ಒಗ್ಗರಣೆಯ ಇಂಗಿಗೆ ಮೂಗು ಅರಳುತ್ತದೆ. ಬಾಯಲ್ಲಿ ನೀರೂರುತ್ತದೆ. ಮೆಟ್ಟಿಲು ಹತ್ತುವಾಗ ಹೊಟ್ಟೆ ಒಮ್ಮೆ, ಒಂದೇ ಒಂದು ಸಲ, ಚುರುಕ್ ಎನ್ನುತ್ತದೆ.

ತಟ್ಟೆಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೊದಲ ತುಣುಕನ್ನು ಏನೂ ಹಚ್ಚದೆ ಬಾಯಿಗಿಟ್ಟು ಅಗಿಯುತ್ತೇನೆ. ಮೊದಲು ಸುಟ್ಟ ಅಂಚಿನ ಕಹಿ, ಆಮೇಲೆ ಮಣ್ಣಿನಂಥ ಒಗರು. ಇನ್ನೂ ಅಗಿದರೆ, ರಾಗಿಯೊಳಗೆ ಅಡಗಿದ್ದ ಆ ಎಳೆ ಸಿಹಿ ಮೆಲ್ಲಗೆ ನಾಲಿಗೆಗೆ ಇಳಿಯುತ್ತದೆ.